ಸಣ್ಣ ಕಚೇರಿಯ ಸ್ಟೋರೇಜ್ ಸರ್ವರ್‌ಗೆ ಯಾವ ಬಿಡಿಭಾಗ, ಏಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ

ಮಾನ್ಯರೆ,

ಮುಂಬೈಯ ಘಾಟ್‌ಕೋಪರ್‌ನಲ್ಲಿ ನಮ್ಮದೊಂದು ಚಾರ್ಟರ್ಡ್ ಅಕೌಂಟೆಂಟ್ ಕಚೇರಿ ಇದೆ. ಆರ್ಟಿಕಲ್‌ಶಿಪ್ ಮಾಡುತ್ತಿರುವ ಹುಡುಗ ಹುಡುಗಿಯರೂ ಸೇರಿ ಹತ್ತು ಮಂದಿ ಕೆಲಸ ಮಾಡುತ್ತೇವೆ. ಇಷ್ಟು ವರ್ಷ ಒಂದು ಡೆಸ್ಕ್‌ಟಾಪ್‌ನ ಫೋಲ್ಡರನ್ನು ಲ್ಯಾನ್‌ನಲ್ಲಿ ಶೇರ್ ಮಾಡಿಕೊಂಡು, ಟ್ಯಾಲಿ ಡೇಟಾ, ಎಕ್ಸೆಲ್ ಕಡತಗಳು, ಸ್ಕ್ಯಾನ್ ಮಾಡಿದ ವೋಚರುಗಳು ಎಲ್ಲವನ್ನೂ ಅದರಲ್ಲೇ ಇಡುತ್ತಿದ್ದೆವು. ಕಳೆದ ಮಳೆಗಾಲದಲ್ಲಿ ಆ ಡಿಸ್ಕ್ ಕೆಟ್ಟುಹೋಗಿ, ಕೆಲವು ಗ್ರಾಹಕರ ಲೆಕ್ಕವನ್ನು ಮೊದಲಿನಿಂದ ಬರೆಯಬೇಕಾಯಿತು. ಈಗ ಒಂದು ಸ್ಟೋರೇಜ್ ಸರ್ವರ್ ಮಾಡಿಸಬೇಕೆಂದಿದ್ದೇವೆ. ಡೀಲರೊಬ್ಬರು ಕೊಟ್ಟ ಕೊಟೇಶನ್‌ನಲ್ಲಿ ಇಂಟೆಲ್ ಕೋರ್ ಐ7 ಪ್ರೊಸೆಸರ್, 16 ಜಿಬಿ ಸಾಮಾನ್ಯ ಮೆಮೊರಿ, 4 ಟಿಬಿಯ ನಾಲ್ಕು ಡೆಸ್ಕ್‌ಟಾಪ್ ಡಿಸ್ಕ್‌ಗಳು, ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ಒಂದು ರೇಡ್ ಕಾರ್ಡ್, ಕ್ಯಾಶ್‌ಗೆಂದು (ಪದೇ ಪದೇ ಬೇಕಾಗುವ ಡೇಟಾ ಇಡಲು) 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ವಿದ್ಯುತ್ ಪೂರೈಸುವ 750 ವ್ಯಾಟ್‌ನ ಎಸ್‌ಎಂಪಿಎಸ್ ಇವೆ. ರೇಡ್ 5 ಮಾಡಿಕೊಡುವುದರಿಂದ ಬೇರೆ ಬ್ಯಾಕಪ್ ಬೇಕಾಗುವುದಿಲ್ಲ ಎಂದಿದ್ದಾರೆ. ನಮ್ಮ ಡೇಟಾ ಈಗ ಸುಮಾರು 1.8 ಟಿಬಿ ಇದೆ. ವರ್ಷಕ್ಕೆ 400 ಜಿಬಿಯಷ್ಟು ಬೆಳೆಯುತ್ತದೆ. ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಓದಿದವನು, ಟ್ರೂನ್ಯಾಸ್ ಎಂಬ ಸ್ಟೋರೇಜ್ ಸರ್ವರ್ ತಂತ್ರಾಂಶ ಹಾಕಿ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ; ಆದರೆ ತಪ್ಪು ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಇರಲೇಬೇಕೆಂದು ಅವನ ಹಟ. ಡೀಲರು ಅದು ಅನಗತ್ಯ ಖರ್ಚು ಎನ್ನುತ್ತಾರೆ. ಯಾರ ಮಾತು ಸರಿ? ಈ ಪಟ್ಟಿಯಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು?

— ಓದುಗರೊಬ್ಬರು, ಘಾಟ್‌ಕೋಪರ್, ಮುಂಬೈ

ಉತ್ತರ

ಕೊಟೇಶನ್ ಬರೆದವರ ಮನಸ್ಸಿನಲ್ಲಿ ಇರುವುದು ವೇಗದ ಕಂಪ್ಯೂಟರು. ನಿಮಗೆ ಬೇಕಾಗಿರುವುದು ತನ್ನ ಭಾಗವೊಂದು ಕೆಟ್ಟಾಗಲೂ ಕಡತಗಳನ್ನು ಉಳಿಸಿಕೊಡುವ ಯಂತ್ರ. ಹೀಗಾಗಿ ಪ್ರತಿಯೊಂದು ಬಿಡಿಭಾಗವನ್ನೂ ಅದರ ವೇಗ ನೋಡಿ ಆರಿಸುವ ಬದಲು, ಅದು ಕೆಟ್ಟ ದಿನ ನಿಮ್ಮ ಕಡತಗಳ ಗತಿ ಏನಾಗುತ್ತದೆ ಎಂದು ಕೇಳಿ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆ ದೃಷ್ಟಿಯಿಂದ ನೋಡಿದರೆ ನಿಮ್ಮ ಪಟ್ಟಿಯಲ್ಲಿ ಐ7, ರೇಡ್ ಕಾರ್ಡ್, ಎನ್‌ವಿಎಂಇ ಕ್ಯಾಶ್ ಈ ಮೂರಕ್ಕೂ ಜಾಗವಿಲ್ಲ; ಅಲ್ಲಿ ಉಳಿದ ಹಣ ಡಿಸ್ಕ್‌ಗಳಿಗೆ, ಇಸಿಸಿ ಮೆಮೊರಿಗೆ, ಯುಪಿಎಸ್‌ಗೆ ಮತ್ತು ಕಚೇರಿಯ ಹೊರಗೆ ಇಡುವ ಎರಡನೆಯ ಪ್ರತಿಗೆ ಹೋಗಬೇಕು. ಪಟ್ಟಿಯಲ್ಲಿ ಯುಪಿಎಸ್ ಇಲ್ಲದಿರುವುದು ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದ ಸಂಗತಿ.

ಡಿಸ್ಕ್‌ಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಬಜೆಟ್‌ನ ಅರ್ಧದಷ್ಟು ಅಲ್ಲಿಗೇ ಹೋಗುವುದು ನ್ಯಾಯ. ನೀವು ಕೊಟ್ಟ ಲೆಕ್ಕದಂತೆ ಐದು ವರ್ಷಗಳ ನಂತರ ಡೇಟಾ 3.8 ಟಿಬಿ ಆಗುತ್ತದೆ. ಹಳೆಯ ಸ್ಥಿತಿಗಳನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್‌ಗಳಿಗೆ ಇನ್ನೂ ಒಂದು ಟಿಬಿ ಬೇಕಾಗಬಹುದು. ಟ್ರೂನ್ಯಾಸ್ ಬಳಸುವ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಶೇಕಡಾ 80ರಷ್ಟು ತುಂಬಿದ ಮೇಲೆ ನಿಧಾನವಾಗತೊಡಗುವುದರಿಂದ, ಬಳಕೆಗೆ ಸಿಗುವ ಜಾಗ 6 ಟಿಬಿಗಿಂತ ಹೆಚ್ಚಿರಬೇಕು. 8 ಟಿಬಿಯ ಎರಡು ಡಿಸ್ಕ್‌ಗಳನ್ನು ಮಿರರ್ ಮಾಡಿದರೆ, ಅಂದರೆ ಎರಡರಲ್ಲೂ ಅದೇ ಡೇಟಾ ಇರುವಂತೆ ಜೋಡಿಸಿದರೆ, ಈ ಅಗತ್ಯ ಸಲೀಸಾಗಿ ಪೂರೈಸುತ್ತದೆ. ಕಂಪನಿಗಳು 8 ಟಿಬಿ ಎನ್ನುವುದು ಪರದೆಯಲ್ಲಿ ಸುಮಾರು 7.28 ಎಂದು ಕಾಣಿಸುತ್ತದೆ. ಗಾಬರಿಯಾಗಬೇಡಿ, ಅದು ಸಾವಿರದ ಲೆಕ್ಕಕ್ಕೂ 1024ರ ಲೆಕ್ಕಕ್ಕೂ ಇರುವ ಅಂತರ ಮಾತ್ರ.

ಡೀಲರು ಹೇಳುವ ರೇಡ್ 5ರಲ್ಲಿ ನಾಲ್ಕು ಡಿಸ್ಕ್‌ಗಳಿಂದ 12 ಟಿಬಿ ಜಾಗ ಸಿಗುತ್ತದೆ, ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುತ್ತದೆ ಎಂಬುದು ನಿಜ. ಆದರೆ ಕೆಟ್ಟ ಡಿಸ್ಕನ್ನು ಬದಲಿಸಿದಾಗ ಉಳಿದ ಮೂರನ್ನೂ ಆದಿಯಿಂದ ಅಂತ್ಯದವರೆಗೆ ಓದಿ ಹೊಸದನ್ನು ತುಂಬಬೇಕಾಗುತ್ತದೆ. ಡೆಸ್ಕ್‌ಟಾಪ್ ಡಿಸ್ಕ್‌ಗಳ ವಿವರಣಾ ಪತ್ರದಲ್ಲಿ, ಓದಲಾಗದ ದೋಷವೊಂದು 10ರ 14ನೇ ಘಾತದಷ್ಟು ಬಿಟ್‌ಗಳಿಗೆ ಒಮ್ಮೆ ಬರಬಹುದೆಂದು ನಮೂದಿಸುವುದು ವಾಡಿಕೆ. ಅದು ಸುಮಾರು 12.5 ಟಿಬಿ. ವಾಸ್ತವದಲ್ಲಿ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ. ಆದರೂ ಒಂದು ಡಿಸ್ಕ್ ಆಗಲೇ ಸತ್ತಿರುವ, ಮತ್ತೊಂದು ಆಸರೆಯಿಲ್ಲದ ಆ ಹೊತ್ತಿನಲ್ಲಿ ಇಂಥ ಅದೃಷ್ಟವನ್ನು ನಂಬಿ ಕೂರುವಂತಾಗಬಾರದು. ನಾಲ್ಕು ಡಿಸ್ಕ್‌ಗಳಲ್ಲಿ ಯಾವ ಎರಡು ಕೆಟ್ಟರೂ ತಾಳಿಕೊಳ್ಳುವ ರೇಡ್-ಝಡ್2 ವಿಧಾನ ಉತ್ತಮವೇ. 4 ಟಿಬಿಯ ನಾಲ್ಕರಿಂದ ಅದರಲ್ಲೂ 8 ಟಿಬಿಯೇ ಸಿಗುತ್ತದೆ. ಹಾಗಿದ್ದೂ ನಾನು ನಿಮಗೆ ಮಿರರನ್ನೇ ಹೇಳುವುದಕ್ಕೆ ಕಾರಣವಿದೆ. ನಾಲ್ಕು ಡಿಸ್ಕ್‌ಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿದರೆ ಕಳ್ಳತನ, ಬೆಂಕಿ, ನೆರೆನೀರು, ಹೊತ್ತಿಹೋದ ಎಸ್‌ಎಂಪಿಎಸ್ ಇವುಗಳ ಎದುರು ನಾಲ್ಕೂ ಒಟ್ಟಿಗೇ ಹೋಗುತ್ತವೆ. 8 ಟಿಬಿಯ ಎರಡನ್ನು ಸರ್ವರ್‌ನಲ್ಲಿ ಇಟ್ಟು, ಇನ್ನೆರಡನ್ನು ಸರದಿಯ ಮೇಲೆ ಹೊರಗಿಡುವ ಬ್ಯಾಕಪ್ ಡಿಸ್ಕ್‌ಗಳಾಗಿ ಬಳಸಿದರೆ ನಾಲ್ಕು ಡಿಸ್ಕ್‌ಗಳಿಗೆ ಹಾಕಿದ ಹಣ ನಿಮ್ಮನ್ನು ಹೆಚ್ಚು ಬಗೆಯ ಅಪಾಯಗಳಿಂದ ಕಾಯುತ್ತದೆ. ಮುಂದೆ ಜಾಗ ಸಾಲದಾದರೆ ಇನ್ನೊಂದು ಜೋಡಿ ಸೇರಿಸುವುದೂ ಸುಲಭ.

ಡಿಸ್ಕ್‌ನ ಅಳತೆಗಿಂತ ಅದರ ಜಾತಿ ಮುಖ್ಯ. ಈಗಿನ ಹಾರ್ಡ್ ಡಿಸ್ಕ್‌ಗಳಲ್ಲಿ ಸಿಎಂಆರ್, ಎಸ್‌ಎಂಆರ್ ಎಂದು ಎರಡು ಬಗೆಯ ಬರವಣಿಗೆ ಇದೆ. ಸಿಎಂಆರ್‌ನಲ್ಲಿ ಡೇಟಾದ ಪಥಗಳು ಒಂದರ ಪಕ್ಕ ಒಂದು ಬಿಡಿಯಾಗಿರುತ್ತವೆ; ಎಸ್‌ಎಂಆರ್‌ನಲ್ಲಿ ಅವು ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ನಡುವಿನ ಒಂದನ್ನು ಬದಲಿಸಬೇಕೆಂದರೆ ಅದರ ಮೇಲಿನವನ್ನೂ ಎತ್ತಿ ಮತ್ತೆ ಜೋಡಿಸಬೇಕು. ದಿನಕ್ಕೊಮ್ಮೆ ಫೋಟೊ ತುಂಬಿಡುವ ಮನೆಯ ಕಂಪ್ಯೂಟರಿಗೆ ಇದು ತೊಂದರೆ ಕೊಡುವುದಿಲ್ಲ. ಆದರೆ ಹೊಸ ಡಿಸ್ಕನ್ನು ಎಡೆಬಿಡದೆ ಗಂಟೆಗಟ್ಟಲೆ ತುಂಬುವ ಸಮಯದಲ್ಲಿ ಇದರ ವೇಗ ಕುಸಿದು, ಕೆಲವೊಮ್ಮೆ ಡಿಸ್ಕ್ ಪ್ರತಿಕ್ರಿಯಿಸುತ್ತಿಲ್ಲವೆಂದು ವ್ಯವಸ್ಥೆಯೇ ಅದನ್ನು ಹೊರಗೆ ಹಾಕುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿಯ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಇರುವುದು ಬೆಳಕಿಗೆ ಬಂದು ದೊಡ್ಡ ವಿವಾದವಾಯಿತು. ಆನಂತರ ಕಂಪನಿ ಸಿಎಂಆರ್ ಡಿಸ್ಕ್‌ಗಳನ್ನು ರೆಡ್ ಪ್ಲಸ್, ರೆಡ್ ಪ್ರೊ ಎಂದು ಬೇರ್ಪಡಿಸಿತು. ಸೀಗೇಟ್‌ನ ಐರನ್‌ವುಲ್ಫ್ ಸಾಲು ಸಿಎಂಆರ್. ಅದೇ ಕಂಪನಿಯ ಬ್ಯಾರಾಕುಡಾ ಸಾಲಿನ 4 ಟಿಬಿ, 8 ಟಿಬಿ ಡೆಸ್ಕ್‌ಟಾಪ್ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಇದೆ. ಆದ್ದರಿಂದ ಕೊಟೇಶನ್‌ನಲ್ಲಿ ಬರೀ ‘4 ಟಿಬಿ ಡಿಸ್ಕ್’ ಎಂದಿದ್ದರೆ ಒಪ್ಪಬೇಡಿ, ಮಾದರಿ ಸಂಖ್ಯೆಯನ್ನು ಪೂರ್ತಿ ಬರೆಸಿಕೊಳ್ಳಿ. ಸಿಸಿಟಿವಿಗೆಂದೇ ಮಾಡಿದ ಡಿಸ್ಕ್‌ಗಳನ್ನು ‘24 ಗಂಟೆ ಓಡುತ್ತದೆ, ಇದೇ ಸಾಕು’ ಎಂದು ಕೊಡುವುದುಂಟು; ಅದಕ್ಕೂ ಬೇಡವೆನ್ನಿ. ನ್ಯಾಸ್‌ಗೆಂದು, ಅಂದರೆ ಇಂಥ ನೆಟ್‌ವರ್ಕ್ ಸ್ಟೋರೇಜ್‌ಗೆಂದು, ಮಾಡಿದ ಡಿಸ್ಕ್‌ನಲ್ಲಿ ಇನ್ನೊಂದು ಗುಣವಿದೆ: ಓದಲಾಗದ ಜಾಗ ಎದುರಾದರೆ ಅದು ಸುಮಾರು ಏಳು ಸೆಕೆಂಡುಗಳಲ್ಲಿ ಕೈಬಿಟ್ಟು ದೋಷವನ್ನು ತಿಳಿಸುತ್ತದೆ, ಆಗ ವ್ಯವಸ್ಥೆ ಜೋಡಿ ಡಿಸ್ಕ್‌ನಿಂದ ಸರಿಯಾದ ಪ್ರತಿಯನ್ನು ತೆಗೆದುಕೊಳ್ಳುತ್ತದೆ. ಡೆಸ್ಕ್‌ಟಾಪ್ ಡಿಸ್ಕ್ ಅದೇ ಜಾಗವನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತಾ ಕಚೇರಿಯವರನ್ನೆಲ್ಲ ಕಾಯಿಸುತ್ತದೆ.

ಎರಡು ಡಿಸ್ಕ್‌ಗಳನ್ನು ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಪೆಟ್ಟಿಗೆಯಿಂದ ತೆಗೆಸಿಕೊಳ್ಳಬೇಡಿ. ಒಂದೇ ತಯಾರಿಕಾ ಕಂತಿನಲ್ಲಿ ದೋಷವಿದ್ದರೆ ಎರಡೂ ಒಂದೇ ಕಾಲಕ್ಕೆ ಕೈಕೊಡಬಹುದು. ಒಂದು ಐರನ್‌ವುಲ್ಫ್, ಇನ್ನೊಂದು ರೆಡ್ ಪ್ಲಸ್ ಆದರೂ ಮಿರರ್‌ಗೆ ಅಡ್ಡಿಯಿಲ್ಲ. ಗ್ರಾಂಟ್ ರೋಡ್ ನಿಲ್ದಾಣದ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋಗುವಿರಾದರೆ, ಹಣ ಕೊಡುವ ಮುಂಚೆ ಡಿಸ್ಕ್‌ನ ಮೇಲಿನ ಚೀಟಿಯಲ್ಲಿರುವ ಸೀರಿಯಲ್ ನಂಬರನ್ನು ಅಂಗಡಿಯಲ್ಲಿ ನಿಂತೇ ಮೊಬೈಲಿನಿಂದ ತಯಾರಕರ ವಾರಂಟಿ ಪುಟದಲ್ಲಿ ಹಾಕಿ ನೋಡಿ. ವಾರಂಟಿ ಆಗಲೇ ಒಂದೆರಡು ವರ್ಷ ಸವೆದಿದ್ದರೆ, ಇಲ್ಲವೇ ಬೇರೆ ದೇಶಕ್ಕೆ ಸೇರಿದ್ದೆಂದು ಬಂದರೆ ವಾಪಸು ಕೊಡಿ. ಜಿಎಸ್‌ಟಿ ಬಿಲ್‌ನಲ್ಲಿ ಆ ಸೀರಿಯಲ್ ನಂಬರು ಇರಬೇಕು. ಮನೆಗೆ ತಂದ ಮೇಲೆ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕ್‌ನ ದಾಖಲೆ ಓದಿಸಿ. 9 ಎಂಬ ಗುರುತುಸಂಖ್ಯೆಯ ಸಾಲಿನಲ್ಲಿ ಅದು ಎಷ್ಟು ಗಂಟೆ ಓಡಿದೆ ಎಂಬುದಿರುತ್ತದೆ. ಆ ಸಂಖ್ಯೆಯನ್ನು ಅಳಿಸಿ ಸೊನ್ನೆ ಮಾಡುವವರೂ ಇದ್ದಾರೆ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬಳಸಿದ ಸೀಗೇಟ್ ಡಿಸ್ಕ್‌ಗಳನ್ನು ಹೊಸದೆಂದು ಮಾರಿದ್ದು ಪತ್ತೆಯಾದದ್ದು, ಆ ಡಿಸ್ಕ್‌ಗಳೊಳಗೆ ಫಾರ್ಮ್ ಎಂಬ ಇನ್ನೊಂದು ದಾಖಲೆಯಲ್ಲಿ ನಿಜವಾದ ಗಂಟೆಗಳು ಉಳಿದಿದ್ದರಿಂದ. ಸೀಗೇಟ್ ಡಿಸ್ಕ್ ಕೊಂಡರೆ ನಿಮ್ಮ ಅಕ್ಕನ ಮಗ ಎರಡು ದಾಖಲೆಗಳನ್ನೂ ಹೋಲಿಸಿ ನೋಡಲಿ.

ಈಗ ಮೆಮೊರಿಯ ವಿವಾದ. ಝಡ್‌ಎಫ್‌ಎಸ್ ಪ್ರತಿಯೊಂದು ಡೇಟಾ ಖಂಡಕ್ಕೂ ಪರೀಕ್ಷಾ ಸಂಖ್ಯೆಯೊಂದನ್ನು ಬರೆದಿಡುತ್ತದೆ; ಓದುವಾಗ ಅದು ತಾಳೆಯಾಗದಿದ್ದರೆ ಜೋಡಿ ಡಿಸ್ಕ್‌ನ ಪ್ರತಿಯಿಂದ ತಾನೇ ಸರಿಪಡಿಸಿಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಆಗುವ ಕೇಡನ್ನು ಅದು ಹಿಡಿಯಬಲ್ಲದು; ಆದರೆ ಡಿಸ್ಕ್ ತಲುಪುವ ಮೊದಲೇ, ಮೆಮೊರಿಯಲ್ಲಿ ಇರುವಾಗಲೇ ಒಂದು ಬಿಟ್ ಮಗುಚಿಬಿದ್ದರೆ, ತಪ್ಪಿದ ಅಂಕಿಯೇ ಸರಿಯಾದ ಪರೀಕ್ಷಾ ಸಂಖ್ಯೆಯೊಂದಿಗೆ ಎರಡೂ ಡಿಸ್ಕ್‌ಗಳಲ್ಲಿ ಅಚ್ಚುಕಟ್ಟಾಗಿ ಬರೆದುಹೋಗುತ್ತದೆ. ಇಸಿಸಿ ಮೆಮೊರಿಯಲ್ಲಿ 64 ಬಿಟ್ ಡೇಟಾಕ್ಕೆ ಇನ್ನೂ 8 ಬಿಟ್‌ಗಳನ್ನು ಸೇರಿಸಿ, ಒಂದು ಬಿಟ್‌ನ ತಪ್ಪನ್ನು ತಿದ್ದುವ, ಎರಡು ಬಿಟ್‌ಗಳ ತಪ್ಪನ್ನು ಪತ್ತೆಹಚ್ಚುವ ಏರ್ಪಾಡಿದೆ. ಗೂಗಲ್‌ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದಲ್ಲಿ ಶೇಕಡಾ 8ಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ಕನಿಷ್ಠ ಒಂದು ದೋಷವಾದರೂ ಕಂಡುಬಂದಿತ್ತು. ಇಸಿಸಿ ಇಲ್ಲದಿದ್ದರೆ ಝಡ್‌ಎಫ್‌ಎಸ್ ನಡೆಯುವುದೇ ಇಲ್ಲ ಎನ್ನುವುದು ಸರಿಯಲ್ಲ, ಅದು ಸಾಮಾನ್ಯ ಮೆಮೊರಿಯಲ್ಲೂ ಬೇರೆ ಕಡತ ವ್ಯವಸ್ಥೆಗಳಿಗಿಂತ ಕಡಿಮೆಯೇನೂ ಅಲ್ಲ. ಆದರೆ ಲೆಕ್ಕಪತ್ರದಲ್ಲಿ ಒಂದು ಅಂಕಿ ಸದ್ದಿಲ್ಲದೆ ಬದಲಾದರೆ ಏನಾಗುತ್ತದೆಂದು ನಿಮಗೆ ಯಾರೂ ಹೇಳಬೇಕಾಗಿಲ್ಲ. ನಿಮ್ಮ ವೃತ್ತಿಗೆ ಅಕ್ಕನ ಮಗನ ಮಾತೇ ಸರಿ. 16 ಜಿಬಿ ಸಾಕು, 32 ಆದರೆ ಒಳ್ಳೆಯದು. ಟಿಬಿಗೊಂದು ಜಿಬಿ ಬೇಕೆಂಬ ಹಳೆಯ ನಿಯಮವನ್ನು ನಿಮ್ಮಂಥ ಕಚೇರಿ ಪಾಲಿಸಬೇಕಿಲ್ಲ.

ಇಲ್ಲಿ ಮೂರು ಕಡೆ ಮೋಸಹೋಗುವ ಸಾಧ್ಯತೆ ಇದೆ. ಡಿಡಿಆರ್5 ಮೆಮೊರಿಯಲ್ಲೆಲ್ಲ ಇಸಿಸಿ ಇದ್ದೇ ಇದೆ ಎಂದು ಅಂಗಡಿಯವರು ಹೇಳಬಹುದು. ಅದು ಚಿಪ್‌ನ ಒಳಗಿನ ತಿದ್ದುಪಡಿ ಮಾತ್ರ, ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಅದು ಕಾಯುವುದಿಲ್ಲ, ದೋಷವಾದರೆ ನಿಮಗೆ ವರದಿಯನ್ನೂ ಮಾಡುವುದಿಲ್ಲ. ಎರಡನೆಯದಾಗಿ, ಹಳೆಯ ದೊಡ್ಡ ಸರ್ವರ್‌ಗಳಿಂದ ಬಿಚ್ಚಿದ ಇಸಿಸಿ ಮೆಮೊರಿ ಅಗ್ಗವಾಗಿ ಸಿಗುತ್ತದೆ, ಆದರೆ ಅದು ರಿಜಿಸ್ಟರ್ಡ್ ಬಗೆಯದು. ನಿಮಗೆ ಬೇಕಾದದ್ದು ಅನ್‌ಬಫರ್ಡ್ ಇಸಿಸಿ. ಡಿಡಿಆರ್4ನಲ್ಲಿ ರಿಜಿಸ್ಟರ್ಡ್ ಪಟ್ಟಿ ಸ್ಲಾಟ್‌ನೊಳಗೆ ಸರಿಯಾಗಿಯೇ ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಕೊನೆಯದಾಗಿ, ಮೆಮೊರಿ ಇಸಿಸಿ ಆದರೆ ಸಾಲದು, ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಎರಡೂ ಅದನ್ನು ಬೆಂಬಲಿಸಬೇಕು. ಇಂಟೆಲ್‌ನ 12ರಿಂದ 14ನೇ ಪೀಳಿಗೆಯ ಕೋರ್ ಪ್ರೊಸೆಸರ್‌ಗಳಿಗೆ ಇದಕ್ಕಾಗಿ ಡಬ್ಲ್ಯು680 ಚಿಪ್‌ಸೆಟ್‌ನ ಬೋರ್ಡ್ ಬೇಕು, ಅದು ದುಬಾರಿ. ಎಎಂಡಿ ರೈಝನ್ 7000 ಸಾಲಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಇಸಿಸಿ ಸೌಲಭ್ಯವೂ (ಹೆಸರಿನ ಕೊನೆಗೆ ಎಫ್ ಇರುವವನ್ನು ಬಿಟ್ಟು) ಪರದೆಗೆ ಬೇಕಾದಷ್ಟು ಗ್ರಾಫಿಕ್ಸ್ ಕೂಡ ಇದೆ, ಆದರೆ ಬೋರ್ಡ್ ತಯಾರಕರ ಕೈಪಿಡಿಯಲ್ಲಿ ಇಸಿಸಿ ಬೆಂಬಲವೆಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಬೇಕು. ಹಳೆಯ ರೈಝನ್‌ಗಳಲ್ಲಿ ಹೆಸರಿನ ಕೊನೆಗೆ ಜಿ ಇದ್ದರೆ, ಪ್ರೊ ಎಂಬ ಪದವಿಲ್ಲದಿದ್ದರೆ, ಇಸಿಸಿ ಕೆಲಸ ಮಾಡುವುದಿಲ್ಲ.

ಪ್ರೊಸೆಸರ್‌ನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹತ್ತು ಜನರಿಗೆ ಕಡತ ಕೊಡುವ ಕೆಲಸಕ್ಕೆ ನಾಲ್ಕು ಕೋರ್‌ಗಳ ಸಾಧಾರಣ ಪ್ರೊಸೆಸರ್ ಧಾರಾಳ. ಅದಕ್ಕಿಂತ, ಎಚ್‌ಪಿಇಯ ಮೈಕ್ರೋಸರ್ವರ್ ಅಥವಾ ಡೆಲ್‌ನ ಸಣ್ಣ ಟವರ್ ಸರ್ವರ್‌ಗಳ ಬೆಲೆಯನ್ನೂ ಒಮ್ಮೆ ವಿಚಾರಿಸಿ. ಅವುಗಳಲ್ಲಿ ಇಂಟೆಲ್‌ನ ಝಿಯಾನ್ ಇ ಪ್ರೊಸೆಸರ್ ಇರುವ ಮಾದರಿಗಳಲ್ಲಿ ಇಸಿಸಿಯ ಹೊಂದಾಣಿಕೆ ಮೊದಲೇ ಆಗಿರುತ್ತದೆ, ದುರಸ್ತಿಗೆ ಕಂಪನಿಯವರೇ ಕಚೇರಿಗೆ ಬರುವ ವಾರಂಟಿಯನ್ನೂ ಪಡೆಯಬಹುದು. ಅಸೆಂಬಲ್ ಮಾಡಿದ ಯಂತ್ರ ಮಾರ್ಚ್ ಕೊನೆಯ ವಾರದಲ್ಲಿ ಕೈಕೊಟ್ಟರೆ ಅಕ್ಕನ ಮಗ ಊರಲ್ಲಿರುತ್ತಾನೆಯೇ ಎಂಬುದನ್ನು ಮನೆಯಲ್ಲಿ ಕೂತು ಮಾತಾಡಿ ನಿರ್ಧರಿಸಿ.

ರೇಡ್ ಕಾರ್ಡನ್ನು ಬಿಡಲು ಹೇಳಿದ್ದೇಕೆಂದರೆ, ಅದು ಡಿಸ್ಕ್‌ಗಳನ್ನು ತನ್ನ ಹಿಂದೆ ಮರೆಮಾಡುತ್ತದೆ. ಝಡ್‌ಎಫ್‌ಎಸ್‌ಗೆ ಪ್ರತಿ ಡಿಸ್ಕ್ ನೇರವಾಗಿ ಕಾಣಬೇಕು, ಇಲ್ಲವಾದರೆ ಯಾವ ಪ್ರತಿ ಕೆಟ್ಟಿದೆ, ಯಾವುದರಿಂದ ಸರಿಪಡಿಸಬೇಕು ಎಂದು ಅದಕ್ಕೆ ತಿಳಿಯುವುದಿಲ್ಲ. ಕಾರ್ಡ್ ಸತ್ತರೆ ಅದೇ ತಳಿಯ ಇನ್ನೊಂದು ಕಾರ್ಡ್ ಹುಡುಕುವ ಪಾಡು ಬೇರೆ. ಟ್ರೂನ್ಯಾಸ್‌ನ ಡಿಸ್ಕ್‌ಗಳನ್ನಾದರೆ ಟ್ರೂನ್ಯಾಸ್ ಹಾಕಿದ ಬೇರೆ ಯಾವ ಕಂಪ್ಯೂಟರಿಗೆ ಜೋಡಿಸಿದರೂ ತೆರೆಯಬಹುದು. ಮದರ್‌ಬೋರ್ಡ್‌ನಲ್ಲಿ ಡಿಸ್ಕ್ ಜೋಡಿಸಲು ಇರುವ ನಾಲ್ಕು ಸಾಟಾ ಪೋರ್ಟ್‌ಗಳೇ ನಿಮಗೆ ಸಾಕು. ಆದರೆ ಕೆಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್‌ಗೆ ಎಸ್‌ಎಸ್‌ಡಿ ಹಾಕಿದ ಕೂಡಲೇ ಒಂದೆರಡು ಸಾಟಾ ಪೋರ್ಟ್‌ಗಳು ನಿಂತುಹೋಗುತ್ತವೆ, ಕೈಪಿಡಿ ಓದಿ ಕೊಳ್ಳಿ. ಮುಂದೆ ಎಂಟು ಡಿಸ್ಕ್‌ಗಳ ಮಟ್ಟಕ್ಕೆ ಹೋದರೆ ಎಲ್‌ಎಸ್‌ಐ 9211 ಅಥವಾ 9207ರಂಥ ಕಾರ್ಡನ್ನು ಐಟಿ ಮೋಡ್‌ನ ಫರ್ಮ್‌ವೇರ್‌ನೊಂದಿಗೆ ಹಾಕಬಹುದು. ಆಗ ಅದು ರೇಡ್ ಗೊಡವೆಯಿಲ್ಲದೆ ಬರೀ ಪೋರ್ಟ್‌ಗಳನ್ನು ಒದಗಿಸುತ್ತದೆ, ಬಿಸಿಯಾಗುವುದರಿಂದ ಅದರ ಮೇಲೆ ಗಾಳಿ ಬೀಸಬೇಕು. ಕ್ಯಾಶ್ ಎನ್‌ವಿಎಂಇಯ ಬದಲು ಆಪರೇಟಿಂಗ್ ಸಿಸ್ಟಮ್‌ಗೆ ಒಂದು ಸಣ್ಣ ಎಸ್‌ಎಸ್‌ಡಿ ಇಡಿ, ಪೆನ್ ಡ್ರೈವ್‌ನಿಂದ ನಡೆಸಬೇಡಿ. ನಿಮ್ಮ ಲ್ಯಾನ್ ಗಿಗಾಬಿಟ್‌ನದಾಗಿದ್ದರೆ ಸೆಕೆಂಡಿಗೆ ಸುಮಾರು 110 ಎಂಬಿಗಿಂತ ಹೆಚ್ಚು ಹರಿಯುವುದೇ ಇಲ್ಲ. ದೊಡ್ಡ ಕಡತಗಳನ್ನು ಸಾಲಾಗಿ ಓದುವಾಗ ಒಂದೇ ಹಾರ್ಡ್ ಡಿಸ್ಕ್ ಅದನ್ನು ಮೀರಿಸುತ್ತದೆ. ವೇಗ ಬೇಕೆನಿಸಿದರೆ 2.5 ಗಿಗಾಬಿಟ್‌ನ ಸ್ವಿಚ್ ಹಾಕಿಸಿ. ಗೋಡೆಯೊಳಗಿನ ಕ್ಯಾಟ್ 5ಇ ಕೇಬಲ್ ಅದನ್ನು 100 ಮೀಟರ್‌ವರೆಗೆ ತಾಳಿಕೊಳ್ಳುತ್ತದೆ. ಟ್ಯಾಲಿ ತೆರೆಯುವ ಕಂಪ್ಯೂಟರ್‌ಗಳು ವೈ-ಫೈ ಬಿಟ್ಟು ಕೇಬಲ್‌ನಲ್ಲೇ ಇರಲಿ.

ಎಸ್‌ಎಂಪಿಎಸ್ 750 ವ್ಯಾಟ್ ಬೇಕಿಲ್ಲ. ಡಿಸ್ಕ್ ತಿರುಗಲು ಆರಂಭಿಸುವ ಕ್ಷಣದಲ್ಲಿ ಒಂದೊಂದೂ ಸುಮಾರು 25 ವ್ಯಾಟ್ ಎಳೆಯುತ್ತದೆ, ಆಮೇಲೆ ಅದರ ಕಾಲುಭಾಗದಷ್ಟು. ಒಳ್ಳೆಯ ಕಂಪನಿಯ, 80 ಪ್ಲಸ್ ಮುದ್ರೆಯ 450 ವ್ಯಾಟ್ ಸಾಕು. ಕ್ಯಾಬಿನೆಟ್‌ನ ಜೊತೆ ಬಿಟ್ಟಿಯಾಗಿ ಬರುವುದನ್ನು ಮಾತ್ರ ಒಪ್ಪಬೇಡಿ. ಇನ್ನೊಂದು ಸಣ್ಣ ವಸ್ತುವಿನ ಬಗ್ಗೆ ವಿಶೇಷ ಎಚ್ಚರಿಕೆ ಹೇಳಲೇಬೇಕು. ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ಕನೆಕ್ಟರ್ ಸಾಲದಿದ್ದಾಗ, ಹಳೆಯ ನಾಲ್ಕು ಪಿನ್‌ನ ಮೊಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಪುಟ್ಟ ಕೇಬಲ್ ಹಾಕುತ್ತಾರೆ. ಅದರ ತುದಿಯನ್ನು ನೋಡಿ: ತಂತಿಗಳ ಸುತ್ತ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದೇ ಗಟ್ಟಿಯಾಗಿ ಅಚ್ಚುಹಾಕಿದ್ದರೆ, ಒಳಗೆ ತಂತಿಗಳು ಒಂದಕ್ಕೊಂದು ಸರಿದು ತಾಗುವ ಸಂಭವವಿದೆ, ಇಂಥವು ಕರಗಿ ಹೊತ್ತಿಕೊಂಡ ನಿದರ್ಶನಗಳು ಹಲವು. ಎಸ್‌ಎಂಪಿಎಸ್‌ನಿಂದಲೇ ನೇರ ಬರುವ ಕನೆಕ್ಟರ್‌ಗಳನ್ನಷ್ಟೇ ಬಳಸಿ.

ಯುಪಿಎಸ್ ಕೊಳ್ಳುವಾಗ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದಷ್ಟೇ ಕೇಳಿ ಬರಬೇಡಿ. ಅದರ ಹಿಂಬದಿಯಲ್ಲಿ ಯುಎಸ್‌ಬಿ ಡೇಟಾ ಪೋರ್ಟ್ ಇರಬೇಕು, ಸರ್ವರ್‌ಗೆ ಅದನ್ನು ಜೋಡಿಸಬೇಕು. ಕರೆಂಟು ಹೋಗಿ ಬ್ಯಾಟರಿ ತಳಮುಟ್ಟುವ ಮೊದಲೇ ಸರ್ವರ್ ತಾನಾಗಿ ಕ್ರಮಬದ್ಧವಾಗಿ ಆರುವಂತೆ ಟ್ರೂನ್ಯಾಸ್‌ನಲ್ಲಿ ಏರ್ಪಾಡಿದೆ. ಹೊಸ ಎಸ್‌ಎಂಪಿಎಸ್‌ಗಳಿಗೆ ಶುದ್ಧ ಸೈನ್ ತರಂಗ ಕೊಡುವ ಯುಪಿಎಸ್ ಹೆಚ್ಚು ಹೊಂದುತ್ತದೆ. ಮುಂಬೈಯಲ್ಲಿ ಕರೆಂಟು ಹೋಗುವುದೇ ಇಲ್ಲವೆಂದು ಹೇಳುವವರಿದ್ದಾರೆ, ಆದರೆ 2020ರ ಅಕ್ಟೋಬರ್ 12ರಂದು ಇಡೀ ನಗರದ ಲೋಕಲ್ ರೈಲುಗಳೇ ನಿಂತಿದ್ದವು. ಸರ್ವರನ್ನು ನೆಲದ ಮೇಲೂ ಇಡಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಉಪನಗರದವರಾದ ನೀವು ಮರೆತಿರಲಾರಿರಿ. ಕಚೇರಿ ನೆಲಮಹಡಿಯಲ್ಲಿದ್ದರೆ ಎದೆಮಟ್ಟದ ಕಪಾಟು ಒಳ್ಳೆಯದು. ಮಾಳಿಗೆಯ ಅಟ್ಟ ಬೇಡ, ರಾತ್ರಿ ಎಸಿ ಆರಿಸಿದ ಮೇಲೆ ಮೇ ತಿಂಗಳಲ್ಲಿ ಅಲ್ಲಿ ಸೆಕೆ ತುಂಬಿರುತ್ತದೆ. ಕ್ಯಾಬಿನೆಟ್‌ನ ಮುಂಭಾಗದ ಫ್ಯಾನ್ ನೇರ ಡಿಸ್ಕ್‌ಗಳ ಮೇಲೆ ಬೀಸುವಂತಿರಲಿ, ಡಿಸ್ಕ್‌ನ ಉಷ್ಣತೆ 45 ಡಿಗ್ರಿ ದಾಟದಿರಲಿ. ಗಾಜಿನ ಬಾಗಿಲಿನ ಈಗಿನ ಅನೇಕ ಕ್ಯಾಬಿನೆಟ್‌ಗಳಲ್ಲಿ 3.5 ಇಂಚಿನ ಡಿಸ್ಕ್‌ಗೆ ಇರುವುದು ಎರಡೇ ಗೂಡು.

ಬೇರೆ ಬ್ಯಾಕಪ್ ಬೇಡವೆಂಬ ಡೀಲರ ಮಾತನ್ನು ದಯವಿಟ್ಟು ನಂಬಬೇಡಿ. ಯಾರೋ ಕೈತಪ್ಪಿ ಅಳಿಸಿದ ಫೋಲ್ಡರ್, ಮಿರರ್‌ನ ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣ ಅಳಿಸಿಹೋಗುತ್ತದೆ. ಗಂಟೆಗೊಂದು ಸ್ನ್ಯಾಪ್‌ಶಾಟ್ ಇಟ್ಟರೆ ಅಂಥ ಫೋಲ್ಡರನ್ನು ನಿಮಿಷಗಳಲ್ಲಿ ಮರಳಿ ಪಡೆಯಬಹುದು. ಸಿಬ್ಬಂದಿಯ ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ತಗಲಿ ಶೇರ್‌ನಲ್ಲಿರುವ ಕಡತಗಳೆಲ್ಲ ಬೀಗ ಬಿದ್ದರೂ, ಸರ್ವರ್‌ನ ಆಡಳಿತ ಪಾಸ್‌ವರ್ಡ್ ಅದರ ಕೈಗೆ ಸಿಗದಿರುವವರೆಗೆ ಸ್ನ್ಯಾಪ್‌ಶಾಟ್‌ಗಳು ಹಾಗೆಯೇ ಉಳಿಯುತ್ತವೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿದ ದಾರಿಯಾದ, ಕಡತ ಹಂಚಿಕೊಳ್ಳುವ ಎಸ್‌ಎಂಬಿ 1 ಎಂಬ ಹಳೆಯ ವಿಧಾನವನ್ನು ಸರ್ವರ್‌ನಲ್ಲೂ ಎಲ್ಲ ಕಂಪ್ಯೂಟರ್‌ಗಳಲ್ಲೂ ಮುಚ್ಚಿಸಿ. ಹೊರಗಿಡುವ ಎರಡು ಡಿಸ್ಕ್‌ಗಳಲ್ಲಿ ಒಂದು ಸದಾ ಕಚೇರಿಯಿಂದ ದೂರ, ನಿಮ್ಮ ಮನೆಯಲ್ಲೋ ಬ್ಯಾಂಕ್ ಲಾಕರಿನಲ್ಲೋ ಇರಲಿ, ಮತ್ತು ಗೂಢಲಿಪೀಕರಣ (ಎನ್‌ಕ್ರಿಪ್ಷನ್) ಮಾಡಿದ್ದಿರಲಿ. ಕಂಪನಿ ಕಾಯ್ದೆಯ 128ನೇ ಕಲಮಿನ ಪ್ರಕಾರ ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷ ಕಾಪಾಡಬೇಕು. 2022ರ ಆಗಸ್ಟ್‌ನ ತಿದ್ದುಪಡಿಯಿಂದ ಎಲೆಕ್ಟ್ರಾನಿಕ್ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಆಗಬೇಕು. ಕಂಪನಿ ಗ್ರಾಹಕರ ಪುಸ್ತಕಗಳನ್ನು ನೀವೇ ಬರೆಯುತ್ತಿದ್ದರೆ ಇದನ್ನೂ ಗಮನದಲ್ಲಿಟ್ಟು ಬ್ಯಾಕಪ್ ಕ್ರಮವನ್ನು ನಿಗದಿಪಡಿಸಿ.

ಯಂತ್ರ ಸಿದ್ಧವಾದ ತಕ್ಷಣ ಕಡತಗಳನ್ನು ತುಂಬಬೇಡಿ. ಒಂದು ರಾತ್ರಿ ಮೆಮೊರಿ ಪರೀಕ್ಷೆ ಓಡಿಸಿ, ಆಮೇಲೆ ಎರಡೂ ಡಿಸ್ಕ್‌ಗಳ ದೀರ್ಘ ಸ್ವಪರೀಕ್ಷೆ ನಡೆಸಿ. 8 ಟಿಬಿಗೆ ಅರ್ಧ ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಡಿಸ್ಕ್‌ನ ದಾಖಲೆಯಲ್ಲಿ 5, 197, 198 ಎಂಬ ಗುರುತುಸಂಖ್ಯೆಯ ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಕಂಡರೆ ಡಿಸ್ಕನ್ನು ಆಗಲೇ ಬದಲಿಸಿಕೊಳ್ಳಿ. 199ರ ಸಾಲಿನ ಸಂಖ್ಯೆ ಏರುತ್ತಿದ್ದರೆ ದೋಷ ಸಾಮಾನ್ಯವಾಗಿ ಡಿಸ್ಕ್‌ನದಲ್ಲ, ಸಾಟಾ ಕೇಬಲ್‌ನದು. ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು, ಕ್ಯಾಬಿನೆಟ್ ತೆರೆದಾಗ ಕಾಣುವ ಬದಿಗೆ ಅಂಟಿಸಿ. ಒಂದು ಡಿಸ್ಕ್ ಕೆಟ್ಟಾಗ ಗಡಿಬಿಡಿಯಲ್ಲಿ ಚೆನ್ನಾಗಿರುವ ಡಿಸ್ಕನ್ನೇ ಕಿತ್ತು, ಉಳಿದದ್ದನ್ನೂ ಕಳೆದುಕೊಳ್ಳುವುದು ಇದರಿಂದ ತಪ್ಪುತ್ತದೆ. ಕೊನೆಗೆ, ಬೇಡದ ಕಡತಗಳನ್ನು ತುಂಬಿ, ಸರ್ವರ್ ಆರಿಸಿ ಒಂದು ಡಿಸ್ಕ್‌ನ ಕೇಬಲ್ ಬಿಚ್ಚಿ, ಮತ್ತೆ ಹಚ್ಚಿ ನೋಡಿ: ಕಡತಗಳು ತೆರೆಯುತ್ತವೆಯೇ, ಎಚ್ಚರಿಕೆಯ ಇಮೇಲ್ ನಿಮಗೆ ಬರುತ್ತದೆಯೇ. ಆ ಇಮೇಲ್ ಬರದಿದ್ದರೆ ಸರ್ವರ್ ಇನ್ನೂ ಬಳಕೆಗೆ ಸಿದ್ಧವಾಗಿಲ್ಲವೆಂದೇ ತಿಳಿಯಿರಿ.

ಪ್ರಶ್ನೆ

ಪುಣೆಯ ಕೋಥರೂಡ್‌ನಲ್ಲಿ ನನ್ನದು ಸಣ್ಣ ವಾಸ್ತುಶಿಲ್ಪ ಕಚೇರಿ. 4ನೇ ಪೀಳಿಗೆಯ ಕೋರ್ ಐ5, 8 ಜಿಬಿ ಮೆಮೊರಿಯ ಹಳೆಯ ಡೆಸ್ಕ್‌ಟಾಪ್ ಸುಮ್ಮನೆ ಬಿದ್ದಿದೆ. ಇದನ್ನೇ ಸ್ಟೋರೇಜ್ ಸರ್ವರ್ ಮಾಡಬಹುದೇ?

— ಓದುಗರೊಬ್ಬರು, ಕೋಥರೂಡ್, ಪುಣೆ

ಉತ್ತರ

ಮುಖ್ಯ ಸರ್ವರ್ ಆಗಿ ಬೇಡ, ಬ್ಯಾಕಪ್ ಸರ್ವರ್ ಆಗಿ ಖಂಡಿತ ಬಳಸಿ. ಆ ಐ5 ಪ್ರೊಸೆಸರ್‌ನಲ್ಲಿ ಇಸಿಸಿ ಬೆಂಬಲವಿಲ್ಲ, ಹಳೆಯ ಎಸ್‌ಎಂಪಿಎಸ್‌ನ ಕೆಪಾಸಿಟರ್‌ಗಳೂ ಸವೆದಿರುತ್ತವೆ. ಎಸ್‌ಎಂಪಿಎಸ್ ಮತ್ತು ಸಾಟಾ ಕೇಬಲ್‌ಗಳನ್ನು ಹೊಸದು ಹಾಕಿಸಿ, ಸಿಎಂಆರ್ ಡಿಸ್ಕ್ ಒಂದನ್ನು ಜೋಡಿಸಿ ಮನೆಯಲ್ಲಿಡಿ. ಇಡೀ ದಿನ ಹಚ್ಚಿಟ್ಟರೆ 50 ವ್ಯಾಟ್‌ನ ಲೆಕ್ಕದಲ್ಲಿ ತಿಂಗಳಿಗೆ 36 ಯೂನಿಟ್ ಕರೆಂಟು ಹೋಗುತ್ತದೆ. ಬಯಾಸ್‌ನಲ್ಲಿ ಸಮಯ ನಿಗದಿಪಡಿಸಿ ರಾತ್ರಿ ಕೆಲವು ಗಂಟೆ ಮಾತ್ರ ಏಳುವಂತೆ ಮಾಡಿದರೆ ಸಾಕು. ಕಚೇರಿಯ ಸರ್ವರ್ ಅದಕ್ಕೆ ಬರೆಯುವ ಬದಲು, ಅದೇ ಬಂದು ಕಚೇರಿಯಿಂದ ಡೇಟಾ ಎಳೆದುಕೊಳ್ಳುವಂತೆ ಹೊಂದಿಸಿ; ಕಚೇರಿಯ ಯಂತ್ರ ಬೇರೆಯವರ ಕೈವಶವಾದರೂ ಬ್ಯಾಕಪ್‌ನ ಪಾಸ್‌ವರ್ಡ್ ಅಲ್ಲಿರುವುದಿಲ್ಲ.

ಪ್ರಶ್ನೆ

ಗೋವಾದ ವಾಸ್ಕೋದಲ್ಲಿ ನಮ್ಮ ಶಿಪ್ಪಿಂಗ್ ಏಜೆನ್ಸಿಯ ಕಚೇರಿ ಸಮುದ್ರಕ್ಕೆ ಹತ್ತಿರದಲ್ಲಿದೆ. ಉಪ್ಪುಗಾಳಿಗೆ ಕಂಪ್ಯೂಟರ್‌ಗಳು ಬೇಗ ಕೆಡುತ್ತವೆ. ಹಾರ್ಡ್ ಡಿಸ್ಕ್ ಬಿಟ್ಟು ಸರ್ವರ್‌ಗೂ ಬ್ಯಾಕಪ್‌ಗೂ ಎಸ್‌ಎಸ್‌ಡಿಯನ್ನೇ ಬಳಸುವುದು ಜಾಣತನವೇ?

— ಓದುಗರೊಬ್ಬರು, ವಾಸ್ಕೋ, ಗೋವಾ

ಉತ್ತರ

ಸರ್ವರ್‌ಗೆ ಬಳಸಬಹುದು, ಆದರೆ ಕಪಾಟಿನಲ್ಲಿಡುವ ಬ್ಯಾಕಪ್‌ಗೆ ಬೇಡ. ಎಸ್‌ಎಸ್‌ಡಿಯಲ್ಲಿ ಡೇಟಾ ವಿದ್ಯುದಾವೇಶದ ರೂಪದಲ್ಲಿ ಇರುವುದರಿಂದ ಕರೆಂಟು ಇಲ್ಲದೆ ಬಹುಕಾಲ ಬಿಟ್ಟರೆ ಅದು ಕ್ರಮೇಣ ಸೋರುತ್ತದೆ. ಮೆಮೊರಿ ಚಿಪ್‌ಗಳಿಗೆ ಮಾನಕ ನಿಗದಿಪಡಿಸುವ ಜೆಡೆಕ್ ಸಂಸ್ಥೆಯ ಪ್ರಕಾರ, ಬರೆಯುವ ಆಯುಷ್ಯ ಪೂರ್ತಿ ಮುಗಿದ ಸಾಮಾನ್ಯ ಎಸ್‌ಎಸ್‌ಡಿ 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ, ಸರ್ವರ್‌ಗಳ ಎಸ್‌ಎಸ್‌ಡಿ 40 ಡಿಗ್ರಿಯಲ್ಲಿ ಮೂರು ತಿಂಗಳು ಡೇಟಾ ಹಿಡಿದಿಟ್ಟರೆ ಸಾಕು. ಹೊಸ ಎಸ್‌ಎಸ್‌ಡಿ ಇದಕ್ಕಿಂತ ಬಹಳ ಹೆಚ್ಚು ಕಾಲ ಇಟ್ಟುಕೊಳ್ಳುತ್ತದೆ, ಆದರೂ ವರ್ಷಗಟ್ಟಲೆ ಮುಟ್ಟದ ಬ್ಯಾಕಪ್‌ಗೆ ಹಾರ್ಡ್ ಡಿಸ್ಕೇ ಮೇಲು.

ಉಪ್ಪುಗಾಳಿ ಮೊದಲು ಕೆಡಿಸುವುದು ಬಹುಮಟ್ಟಿಗೆ ಕನೆಕ್ಟರ್‌ಗಳನ್ನು, ಎಸ್‌ಎಂಪಿಎಸ್ಸನ್ನು, ಫ್ಯಾನ್‌ಗಳನ್ನು. ಸರ್ವರನ್ನು ಕಿಟಕಿಯ ಕಡೆ ಇಡದೆ ಒಳಗಿನ ಗೋಡೆಯ ಬಳಿ, ಸಾಧ್ಯವಾದರೆ ಎಸಿ ಕೋಣೆಯಲ್ಲಿ ಇಡಿ. ರಾತ್ರಿ ಆರಿಸಬೇಡಿ, ಓಡುತ್ತಿರುವ ಯಂತ್ರ ಸುತ್ತಲಿನ ಗಾಳಿಗಿಂತ ಬೆಚ್ಚಗಿರುವುದರಿಂದ ಅದರ ಮೇಲೆ ತೇವ ಕೂರುವುದಿಲ್ಲ. ಸಾಮಾನ್ಯ ಹಾರ್ಡ್ ಡಿಸ್ಕ್‌ಗೆ ಉಸಿರಾಡುವ ಸಣ್ಣ ರಂಧ್ರವೊಂದಿದೆ, ಅದರ ಮೇಲೆ ಚೀಟಿ ಅಂಟಿಸಬಾರದು. ಹೀಲಿಯಂ ತುಂಬಿದ ದೊಡ್ಡ ಡಿಸ್ಕ್‌ಗಳು ಪೂರ್ತಿ ಮುಚ್ಚಿರುತ್ತವೆ, ನಿಮ್ಮ ಊರಿಗೆ ಅವು ಹೆಚ್ಚು ಒಪ್ಪುತ್ತವೆ. ಬ್ಯಾಕಪ್ ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಎಸಿ ಕೋಣೆಯಿಂದ ಹೊರಗೆ ತಂದ ತಣ್ಣನೆಯ ಡಿಸ್ಕನ್ನು ಒಡನೆಯೇ ಜೋಡಿಸಬೇಡಿ. ಡಬ್ಬಿಯ ಮುಚ್ಚಳ ತೆಗೆಯದೆ ಎರಡು ಮೂರು ಗಂಟೆ ಹಾಗೆಯೇ ಬಿಟ್ಟು, ಹೊರಗಿನ ಉಷ್ಣತೆಗೆ ಬಂದ ಮೇಲೆ ಕೇಬಲ್ ಹಾಕಿ.